ಕೂಡಿಸುವುದರ ತತ್ತ್ವ: ಬೆಲ್ ಹೌಸಿಂಗ್, ಸಮವಾಯ, ಸಾಮರಸ್ಯ

ಎರಡು ಭಿನ್ನ ವಸ್ತುಗಳು ಒಂದಾಗಿ ನಡೆಯುವಾಗ ಅವುಗಳ ನಡುವಣ ಸಂಬಂಧವು ಅವೆರಡಕ್ಕೂ ಹೊರತಾದ ಮೂರನೆಯ ಪದಾರ್ಥವೇ, ಇಲ್ಲವೆ ಅವುಗಳ ಸ್ವರೂಪದಲ್ಲಿಯೇ ಅಡಗಿದೆಯೇ ಎಂಬುದು ಭಾರತೀಯ ದರ್ಶನಗಳ ಹಳೆಯ ವಿವಾದ. ವೈಶೇಷಿಕರು ಸಂಬಂಧವನ್ನು ಎರಡಾಗಿ ವಿಂಗಡಿಸಿದರು: ಬೇರ್ಪಡಿಸಬಹುದಾದ ಕೂಟವನ್ನು ಸಂಯೋಗವೆಂದೂ, ನೂಲು ಮತ್ತು ಬಟ್ಟೆಯ ನಡುವೆ ಇರುವಂಥ ಬೇರ್ಪಡದ ಕೂಟವನ್ನು ಸಮವಾಯವೆಂದೂ ಕರೆದು, ಸಮವಾಯವನ್ನು ಸ್ವತಂತ್ರ ಪದಾರ್ಥವಾಗಿ ಎಣಿಸಿದರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ, ಎರಡನೆಯ ಪಾದದ 13ನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಇದನ್ನು ನಿರಾಕರಿಸುತ್ತಾರೆ. ಸಮವಾಯವು ತಾನು ಕೂಡಿಸುವ ವಸ್ತುಗಳಿಂದ ಬೇರೆಯಾಗಿದ್ದರೆ ಅದನ್ನು ಅವುಗಳಿಗೆ ಕೂಡಿಸಲು ಇನ್ನೊಂದು ಸಮವಾಯ ಬೇಕು, ಅದಕ್ಕೆ ಮತ್ತೊಂದು ಬೇಕು, ಹೀಗೆ ಕೊನೆಯಿಲ್ಲದ ಅನವಸ್ಥಾ ದೋಷ ಒದಗುತ್ತದೆ ಎಂಬುದು ಅವರ ವಾದ.

ಈ ದೋಷ ಪ್ರತ್ಯಕ್ಷವಾಗಿ ಕಾಣುವ ಒಂದು ಕ್ಷೇತ್ರ ಯಂತ್ರವಿದ್ಯೆ. ಚಾಲಕನ ಬೆನ್ನ ಹಿಂದೆ, ಹಿಂಬದಿಯ ಅಚ್ಚಿಗಿಂತ ಮುಂದೆ ಎಂಜಿನ್ ಇರುವ ಕಾರುಗಳಲ್ಲಿ ಗೇರುಪೆಟ್ಟಿಗೆ ಮತ್ತು ಡಿಫರೆನ್ಷಿಯಲ್ ಒಂದೇ ಕವಚದಲ್ಲಿ ಸೇರಿರುತ್ತವೆ. ಇದಕ್ಕೆ ಟ್ರಾನ್ಸಾಕ್ಸಲ್ ಎಂದು ಹೆಸರು. ಇದನ್ನು ಎಂಜಿನ್ನಿಗೆ ಕೂಡಿಸುತ್ತ, ಒಳಗಿನ ಫ್ಲೈವೀಲ್ ಮತ್ತು ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಎರಕವೇ ಬೆಲ್ ಹೌಸಿಂಗ್. ಒಂದು ತಯಾರಕನ ಎಂಜಿನ್ನಿಗೆ ಇನ್ನೊಬ್ಬನ ಟ್ರಾನ್ಸಾಕ್ಸಲ್ ಜೋಡಿಸುವಾಗ ಬೋಲ್ಟಿನ ತೂತುಗಳು ಹೊಂದದಿದ್ದರೆ ನಡುವೆ ಅಡಾಪ್ಟರ್ ತಗಡು ಹಾಕುವುದುಂಟು. ಆದರೆ ಆ ತಗಡಿನ ದಪ್ಪದಷ್ಟು ಟ್ರಾನ್ಸಾಕ್ಸಲ್ಲಿನ ಶಾಫ್ಟ್ ಹಿಂದೆ ಸರಿದು ಕ್ಲಚ್ಚಿಗೆ ಪೂರ್ತಿ ಎಟುಕದೆ ಹೋಗಬಹುದು. ಪ್ರತಿಯೊಂದು ಹೊಸ ಮುಖವೂ ತನ್ನದೊಂದಿಷ್ಟು ಓರೆಯನ್ನು ಸೇರಿಸುತ್ತದೆ. ಕ್ರ್ಯಾಂಕ್‌ಶಾಫ್ಟಿನ ಅಕ್ಷಕ್ಕೂ ಬೆಲ್ ಹೌಸಿಂಗಿನ ಅಕ್ಷಕ್ಕೂ ಇರುವ ಅಂತರವನ್ನು ಅಳೆಯುವ ಡಯಲ್ ಗೇಜು ತೋರಿಸಬಹುದಾದ ಸಾಮಾನ್ಯ ಮಿತಿ ಸುಮಾರು 0.13 ಮಿಲಿಮೀಟರ್ ಮಾತ್ರ. ಆದುದರಿಂದ ಒಂದು ಮುಖದಲ್ಲಿ ಎಂಜಿನ್ನಿನ ವಿನ್ಯಾಸವನ್ನೂ ಇನ್ನೊಂದರಲ್ಲಿ ಟ್ರಾನ್ಸಾಕ್ಸಲ್ಲಿನ ವಿನ್ಯಾಸವನ್ನೂ ಹೊತ್ತ ಒಂದೇ ಎರಕವು ತಗಡುಗಳ ಸರಣಿಗಿಂತ ಮೇಲು. ಅದು ತಾನು ತಿರುಗುವುದಿಲ್ಲ; ತಿರುಗುವ ಎರಡನ್ನು ಒಂದೇ ಅಕ್ಷದಲ್ಲಿ ನಿಲ್ಲಿಸುತ್ತದೆ.

ಸಂಬಂಧಕ್ಕೆ ದಿಕ್ಕೂ ಇದೆ. ತಾಳವಾಡಿಯ ಬೆಟ್ಟಸೀಮೆಯಿಂದ ಸತ್ಯಮಂಗಲದ ಕಡೆಗೆ ತರಕಾರಿ ಹೊತ್ತ ವಾಹನ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುವಾಗ, ಕೆಳಗಿನ ಗೇರಿನಲ್ಲಿ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ಅವುಗಳನ್ನು ತಡೆಯುತ್ತದೆ. ಹತ್ತುವಾಗ ಎಂಜಿನ್ ಗಾಲಿಗಳನ್ನು ತಿರುಗಿಸುತ್ತದೆ. ಎಂಜಿನ್ ಎಲ್ಲಿದ್ದರೂ ಹತ್ತುವ ಬಲ, ಇಳಿಯುವ ಬಲ ಎರಡೂ ಹಾಯುವುದು ಅದೇ ಕೂಟದಲ್ಲಿ, ಅದೇ ಅಕ್ಷದ ಮೇಲೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ಮದರಾಸು ರಾಜ್ಯದಲ್ಲೇ ಉಳಿದ ತಾಳವಾಡಿಯ ಈ ಕನ್ನಡ ಸೀಮೆಯಲ್ಲಿ ಲಿಂಗಾಯತ ಸಂಪ್ರದಾಯ ಬೇರುಬಿಟ್ಟಿದೆ. ಆ ಸಂಪ್ರದಾಯದ ಷಟ್‌ಸ್ಥಲ ಸಿದ್ಧಾಂತ ಇದೇ ಪ್ರಶ್ನೆಗೆ ಗಂಭೀರವಾದ ಉತ್ತರ ಕೊಡುತ್ತದೆ. 15ನೆಯ ಶತಮಾನದ ಮಗ್ಗೆಯ ಮಾಯಿದೇವನ ‘ಅನುಭವ ಸೂತ್ರ’ದ ಪ್ರಕಾರ ಲಿಂಗದಲ್ಲಿರುವುದು ಶಕ್ತಿ, ಅಂಗದಲ್ಲಿ, ಅಂದರೆ ಜೀವನಲ್ಲಿ ಇರುವುದು ಭಕ್ತಿ. ಶಕ್ತಿ ಲೋಕದ ಕಡೆಗೆ ಹರಿಯುವ ಪ್ರವೃತ್ತಿ, ಭಕ್ತಿ ಮೂಲದ ಕಡೆಗೆ ಮರಳುವ ನಿವೃತ್ತಿ. ತತ್ತ್ವದಲ್ಲಿ ಎರಡೂ ಒಂದೇ. ಹೀಗೆಂದ ಮೇಲೆ ಲಿಂಗಕ್ಕೂ ಅಂಗಕ್ಕೂ ನಡುವೆ ಬೇರೊಂದು ಪದಾರ್ಥವನ್ನು ಕಲ್ಪಿಸುವ ಅಗತ್ಯವೇ ಬೀಳುವುದಿಲ್ಲ, ಅನವಸ್ಥೆಗೆ ಎಡೆಯೂ ಉಳಿಯುವುದಿಲ್ಲ. 12ನೆಯ ಶತಮಾನದ ಶರಣರು ದೇವಾಲಯ ಮತ್ತು ಅರ್ಚಕರೆಂಬ ನಡುವಣ ಮುಖಗಳನ್ನು ಕಳೆದು ಇಷ್ಟಲಿಂಗವನ್ನು ದೇಹದ ಮೇಲೆಯೇ ಧರಿಸಿದ್ದು ಆಚರಣೆಯಲ್ಲಿ ಇದೇ ತತ್ತ್ವದ ನಿರ್ವಾಹ. ಗುರು ಮಾತ್ರ ಉಳಿದನು. ದೀಕ್ಷೆಯಲ್ಲಿ ಲಿಂಗವನ್ನು ಅಂಗೈಗೆ ಕೊಟ್ಟು, ಎರಡನ್ನೂ ನೇರಕ್ಕೆ ತರುವುದು ಅವನ ಕೆಲಸ.

ಯಂತ್ರದ ನಿದರ್ಶನಕ್ಕೆ ಒಂದು ಎಲ್ಲೆಯಿದೆ. ಬೋಲ್ಟು ಬಿಚ್ಚಿದರೆ ಎಂಜಿನ್ ಎಂಜಿನ್ನಾಗಿಯೇ, ಟ್ರಾನ್ಸಾಕ್ಸಲ್ ಟ್ರಾನ್ಸಾಕ್ಸಲ್ಲಾಗಿಯೇ ಉಳಿಯುವುದರಿಂದ ಅದು ಸಂಯೋಗವೇ ಸರಿ. ಷಟ್‌ಸ್ಥಲದ ಕೊನೆಯ ಮೆಟ್ಟಿಲಾದ ಐಕ್ಯಸ್ಥಲದಲ್ಲಿ ಲಿಂಗ ಮತ್ತು ಅಂಗ ಒಂದಾಗುವ ಸಾಮರಸ್ಯಕ್ಕೆ ಬಿಚ್ಚುವಿಕೆ ಇಲ್ಲ. ಆದರೂ ಸಾಧನೆಯ ಹಾದಿಯಲ್ಲಿರುವವನಿಗೆ ಈ ನಿದರ್ಶನ ಕಲಿಸುವುದು ದೊಡ್ಡದು: ಮಧ್ಯಸ್ಥರ ಸಂಖ್ಯೆ ಹೆಚ್ಚಿದಂತೆ ಓರೆ ಹೆಚ್ಚುತ್ತದೆ, ಮತ್ತು ಕೂಡಿಸುವವನ ಯೋಗ್ಯತೆಯು ಅವನು ತನ್ನದಾಗಿ ಎಷ್ಟು ಸೇರಿಸಿದನೆಂಬುದರಿಂದ ಅಳೆಯಲ್ಪಡದೆ, ಎರಡು ಅಕ್ಷಗಳನ್ನು ಎಷ್ಟು ನೇರವಾಗಿ ಒಂದಾಗಿಸಿದನೆಂಬುದರಿಂದ ತೀರ್ಮಾನವಾಗುತ್ತದೆ.