ಬಾರದವರನ್ನು ಕೇಳುವವರು

ಸಭೆಗಳ ವಾರ್ಷಿಕ ವರದಿಯಲ್ಲಿ ದೇವಾಲಯಗಳೆಷ್ಟು, ಕುಟುಂಬಗಳೆಷ್ಟು, ಆ ವರ್ಷ ದೀಕ್ಷಾಸ್ನಾನ ಪಡೆದವರೆಷ್ಟು, ಕಾಣಿಕೆ ಎಷ್ಟು ಬಂತು, ಕಾಂಪೌಂಡ್ ಗೋಡೆಗೆ ಎಷ್ಟು ಹೋಯಿತು ಎಂಬುದೆಲ್ಲ ಇರುತ್ತದೆ. ಇರಬೇಕಾದದ್ದೇ, ಲೆಕ್ಕವಿಲ್ಲದ ಭಕ್ತಿ ಬಹುಬೇಗ ಜಗಳಕ್ಕೆ ತಿರುಗುತ್ತದೆ. ಆದರೆ ಹೆಂಡತಿ ತೀರಿಕೊಂಡ ಮೇಲೆ ಆರಾಧನೆಗೆ ಬರುವುದನ್ನೇ ಬಿಟ್ಟ ಒಬ್ಬ ಮನುಷ್ಯ, ಅವನು ಕೂರುತ್ತಿದ್ದ ಬೆಂಚಿನಲ್ಲಿ ಈಗ ಬೇರೆ ಯಾರೋ ಕೂತಿರುವುದು, ಅವನನ್ನು ಯಾರಾದರೂ ಹುಡುಕಿಕೊಂಡು ಹೋದರೋ ಇಲ್ಲವೋ ಎಂಬುದು, ಇವಕ್ಕೆ ಯಾವ ವರದಿಯಲ್ಲೂ ಅಂಕಣವಿಲ್ಲ. ಶಿಷ್ಯರನ್ನು ಬೆಳೆಸುವುದು ನಮ್ಮ ಕರೆ ಎಂದು ಪ್ರತಿಯೊಂದು ಸಮ್ಮೇಳನದಲ್ಲೂ ಹೇಳುವ ನಾವು, ಆ ಬೆಳವಣಿಗೆ ನಡೆಯುವುದು ಎಲ್ಲಿ ಎಂದು ಎಷ್ಟು ಯೋಚಿಸಿದ್ದೇವೆ?

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಸಾಲದ ದೆಸೆಯಿಂದ. ಅಲ್ಲಿ ಮೆಥಡಿಸ್ಟ್ ಚಳವಳಿಯ ಪ್ರಸಂಗಿ ಜಾನ್ ವೆಸ್ಲಿಯ ಅನುಯಾಯಿಗಳು 1739ರಲ್ಲಿ ಕಟ್ಟಿಸಲು ತೊಡಗಿದ ಪ್ರಾರ್ಥನಾ ಮಂದಿರದ ಮೇಲೆ ಸಾಲ ಉಳಿದಿತ್ತು. 1742ರ ಫೆಬ್ರವರಿಯಲ್ಲಿ, ಅದನ್ನು ತೀರಿಸುವ ದಾರಿ ಹುಡುಕಲು ಜನ ಸೇರಿದಾಗ, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು ಕ್ಯಾಪ್ಟನ್ ಫಾಯ್ ಎಂಬವರು. ಬಡವರಿಗೆ ಅದೂ ಆಗದು ಎಂಬ ಮಾತು ಬಂತು. ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ವಾರವಾರ ನಾನೇ ಅವರಲ್ಲಿಗೆ ಹೋಗುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಎಂದರು ಅವರು. ಉಳಿದ ಕೆಲವರೂ ಹಾಗೆಯೇ ಒಬ್ಬೊಬ್ಬರು ಹನ್ನೊಂದು ಜನರ ಹೊಣೆ ಹೊತ್ತರು.

ಪೆನ್ನಿ ಕೇಳಲು ಮನೆಮನೆಗೆ ಹೋದವರು ಪೆನ್ನಿಯೊಂದನ್ನೇ ತರಲಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಭಾನುವಾರ ಒಂದು ಬಗೆ ವಾರವೆಲ್ಲ ಇನ್ನೊಂದು ಬಗೆ ಎಂಬುದೂ ಅವರ ಕಣ್ಣಿಗೆ ಬಿತ್ತು. ತಾನು ಇಷ್ಟು ಕಾಲ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದವರನ್ನು ಅಲ್ಲಿಗೇ ಹೋಗಿ ಕಾಣುವುದು ಕಷ್ಟವಾದ್ದರಿಂದ, ಸುಮಾರು ಹನ್ನೆರಡು ಜನ ವಾರಕ್ಕೊಮ್ಮೆ ಒಂದೆಡೆ ಕೂಡುವ ಪದ್ಧತಿ ಬಂತು; ಅದಕ್ಕೆ ‘ಕ್ಲಾಸ್’ ಎಂದು ಹೆಸರಾಯಿತು. ಕೂಟದ ಮುಖಂಡರಾಗಿದ್ದವರು ಬಹುಪಾಲು ಕಸುಬುದಾರರು, ಅಂಗಡಿಯವರು. ಅವರಲ್ಲಿ ಹೆಂಗಸರೂ ಇದ್ದರು. ಅವರು ಕೇಳುತ್ತಿದ್ದ ಪ್ರಶ್ನೆಯೂ ದೊಡ್ಡದೇನಲ್ಲ: ಈ ವಾರ ನಿನ್ನ ಆತ್ಮದ ಸ್ಥಿತಿ ಹೇಗಿದೆ?

ಈ ಪ್ರಶ್ನೆಯನ್ನು ನಮ್ಮನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತು? ‘ಚೆನ್ನಾಗಿದ್ದೀರಾ, ಊಟ ಆಯ್ತಾ’ ಎಂದು ಕೇಳುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ, ಅದರಲ್ಲಿ ಪ್ರೀತಿಯೂ ಇದೆ. ಆದರೆ ಇನ್ನೂ ಒಂದು ಹೆಜ್ಜೆ ಒಳಗೆ ಬಂದು ಕೇಳುವವರಿಗೆ ನಾವು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಪ್ರಸಂಗ ಕೇಳುವಾಗ ಮನುಷ್ಯ ಗುಂಪಿನ ನಡುವೆ ಅಡಗಿಕೊಳ್ಳಬಹುದು, ಮಾತು ಪಕ್ಕದವನಿಗೆ ತಗುಲಿತೆಂದು ಸಮಾಧಾನಪಡಬಹುದು. ಹನ್ನೆರಡು ಜನರ ನಡುವೆ ತನ್ನ ಸರದಿ ಬಂದಾಗ ಹಾಗೆ ತಪ್ಪಿಸಿಕೊಳ್ಳಲಾಗದು. 1763ರಲ್ಲಿ ವೇಲ್ಸ್ ಪ್ರಾಂತ್ಯದ ಪೆಂಬ್ರೋಕ್‌ಷೈರಿಗೆ ಹೋಗಿದ್ದ ವೆಸ್ಲಿ, ಅಲ್ಲಿ ಇಪ್ಪತ್ತು ವರ್ಷ ಪ್ರಸಂಗ ನಡೆದೂ ಕೂಟಗಳನ್ನು ಕಟ್ಟದ ಕಾರಣ, ಒಮ್ಮೆ ಎಚ್ಚೆತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲಿಗಿಂತ ಗಾಢವಾದ ನಿದ್ದೆಗೆ ಜಾರಿದ್ದಾರೆ ಎಂದು ದಿನಚರಿಯಲ್ಲಿ ಬರೆದುಕೊಂಡ. ಇಂಗ್ಲೆಂಡಿನ ಉದ್ದಗಲ ಕುದುರೆಯೇರಿ ಸುತ್ತಿ ಸಾವಿರಾರು ಪ್ರಸಂಗ ಮಾಡಿದವನೇ ಪ್ರಸಂಗವೊಂದರಿಂದಲೇ ಕೆಲಸವಾಗದು ಎಂದು ಒಪ್ಪಿಕೊಂಡ ಸಂದರ್ಭವಿದು. ನಮ್ಮ ವೇದಿಕೆಗಳ ಧ್ವನಿವರ್ಧಕಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುವುದನ್ನು ನೋಡಿದಾಗ ಈ ಮಾತು ನೆನಪಾಗುತ್ತದೆ.

ಕರಾವಳಿಯ ಕಥೋಲಿಕ ಸಭೆಗಳಲ್ಲಿ ಇದಕ್ಕೆ ಹತ್ತಿರದ ಒಂದು ಏರ್ಪಾಡು ಬಹುಕಾಲದಿಂದ ಇದೆ. ಅಲ್ಲಿ ಚರ್ಚಿನ ವ್ಯಾಪ್ತಿಯನ್ನು ‘ವಾಡೊ’ಗಳಾಗಿ ವಿಂಗಡಿಸಿದ್ದು, ಪ್ರತಿ ವಾಡೊಗೂ ಗುರಿಕಾರನೆಂಬ ಒಬ್ಬ ಮುಖಂಡನಿರುತ್ತಾನೆ. ಮದುವೆಯಿರಲಿ ಸಾವಿರಲಿ, ಪಾದ್ರಿಗೆ ಸುದ್ದಿ ಮುಟ್ಟುವ ಮೊದಲೇ ಗುರಿಕಾರನಿಗೆ ಮುಟ್ಟಿರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕಟ್ಟಿದ ಸಭೆಗಳ ದಾರಿ ಇನ್ನೊಂದು. ಧರ್ಮ ಬದಲಿಸಿದವರು ಜಾತಿ, ಮನೆ, ಕಸುಬು ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದರಾದ್ದರಿಂದ ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಒಂದೇ ಕಡೆ ದುಡಿಮೆ, ಒಂದೇ ಕಡೆ ಪ್ರಾರ್ಥನೆ. ಆಸರೆ ದೊರೆಯಿತು, ಜೊತೆಗೆ ಕೂಲಿ ಕೊಡುವ ಕೈ ಮತ್ತು ಆಶೀರ್ವದಿಸುವ ಕೈ ಒಂದೇ ಆಗುವ ತೊಡಕೂ ಹುಟ್ಟಿಕೊಂಡಿತು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಸೆರೆಯಲ್ಲಿಟ್ಟಾಗ, ಕಾರ್ಖಾನೆಗಳು ಪರರ ಪಾಲಾದಾಗ, ಸಭೆಯನ್ನು ಉಳಿಸಿಕೊಂಡವರು ಊರಿನ ಉಪದೇಶಿಗಳು, ಹಿರಿಯರು, ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕೀರ್ತನೆ ಹಾಡಿಸಿದ ತಾಯಂದಿರು. ಆಸರೆ ಕಳಚಿದ ಮೇಲೂ ನಿಲ್ಲಬಲ್ಲವರನ್ನು ಬೆಳೆಸಿದ್ದೇವೆಯೇ ಎಂಬ ಪರೀಕ್ಷೆಯನ್ನು ಯಾವ ಸಂಸ್ಥೆಯೂ ತಾನಾಗಿ ಬರೆಯಲು ಬಯಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಣ್ಣ ಕೂಟದ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಕಾಳಜಿಯಿಂದ ಕೇಳುವುದಕ್ಕೂ ಕಾವಲಿನಿಂದ ಕೇಳುವುದಕ್ಕೂ ನಡುವೆ ಇರುವುದು ತೆಳ್ಳನೆಯ ಗೆರೆ. ಪ್ರಾರ್ಥನೆಯ ವಿಷಯವೆಂದು ಹೇಳಿಕೊಂಡ ಮನೆಯ ಸಂಕಟ ಮರುದಿನ ಊರಿನ ಸುದ್ದಿಯಾದರೆ, ಆ ಮನೆಯವರು ಮತ್ತೆಂದೂ ಬಾಯಿ ಬಿಡುವುದಿಲ್ಲ. ಮುಖಂಡನಿಗೆ ತನ್ನ ಹನ್ನೆರಡು ಜನ ತನ್ನ ಸ್ವತ್ತೆನಿಸತೊಡಗಿದರಂತೂ ಅಲ್ಲಿ ಗುರುಪೂಜೆ ನಡೆಯುತ್ತದೆ, ಶಿಷ್ಯತ್ವ ಅಲ್ಲ. ವೆಸ್ಲಿಯ ಕ್ಲಾಸುಗಳೂ ಮುಂದಿನ ಶತಮಾನದಲ್ಲಿ ಸೊರಗಿದವು. ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಬರಬರುತ್ತ ಒಪ್ಪಿಸುವ ಪಾಠವಾಯಿತು, ಹಲವೆಡೆ ಪೆನ್ನಿ ಮಾತ್ರ ಉಳಿಯಿತು.

ಹಲವು ಸಭೆಗಳು ಒಂದಕ್ಕೊಂದು ಕಟ್ಟಿಕೊಂಡಿರುವುದರ ಅರ್ಥ ನನಗೆ ಇಲ್ಲಿ ಕಾಣುತ್ತದೆ. ಒಂಟಿ ಸಭೆ ತನ್ನ ಬೋಧಕನ ಗುಣವನ್ನೂ ದೋಷವನ್ನೂ ಹೊತ್ತೇ ಬೆಳೆಯುತ್ತದೆ. ಅಕ್ಕಪಕ್ಕದ ಸಭೆಗಳಿಗೆ ಉತ್ತರ ಹೇಳಬೇಕಾದ ಸಭೆಗೆ ಆ ದೋಷವನ್ನು ತಿದ್ದುವ ಇನ್ನೊಂದು ಕಣ್ಣಿರುತ್ತದೆ. ವೆಸ್ಲಿ ತನ್ನ ಪ್ರಸಂಗಿಗಳನ್ನು ಸಭೆಗಳ ಒಂದು ಸುತ್ತಿನಿಂದ (ಸರ್ಕಿಟ್) ಇನ್ನೊಂದಕ್ಕೆ ಆಗಾಗ ಕಳಿಸುತ್ತಿದ್ದ. ಇಂದಿಗೂ ನಮ್ಮ ಸಭಾಪಾಲಕರಿಗೆ ವರ್ಗಾವಣೆಯಾದಾಗ ಕಣ್ಣೀರು ಬರುತ್ತದೆ, ಕೆಲವೊಮ್ಮೆ ಕೋರ್ಟು ಕಚೇರಿಯ ಮಾತೂ ಬರುತ್ತದೆ. ಆದರೂ ಪಾಸ್ಟರು ಹೋದ ಮೇಲೆ ಸಭೆಯ ಪ್ರಾರ್ಥನಾ ಕೂಟ ನಡೆಯುತ್ತಲೇ ಇದ್ದರೆ, ಅವರು ಅಲ್ಲಿ ಮಾಡಿದ ಕೆಲಸಕ್ಕೆ ಬೇರೆ ಪ್ರಮಾಣಪತ್ರ ಬೇಕೇ?

ಸಭೆಗಳ ನಡುವಿನ ಈ ಕಟ್ಟು ಬರೀ ಆಡಳಿತದ್ದಲ್ಲ ಎಂಬುದು ಪೌಲನ ಪತ್ರಿಕೆಗಳನ್ನು ಓದಿದವರಿಗೆ ಗೊತ್ತು. ಮಕೆದೋನ್ಯದ, ಕೊರಿಂಥದ ಸಭೆಗಳು ತಾವೆಂದೂ ನೋಡದ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದವು. ಕೊಲೊಸ್ಸೆಯವರು ತಮಗೆ ಬಂದ ಪತ್ರಿಕೆಯನ್ನು ಲವೊದಿಕೀಯದ ಸಭೆಯಲ್ಲೂ ಓದಿಸಬೇಕಿತ್ತು, ಅಲ್ಲಿಯದನ್ನು ತಾವು ಓದಬೇಕಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವನ್ನು ನಾವು ಬರೀ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತೇವೆ. ಅದು ಶುರುವಾಗುವುದು ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯ ಪರಿಚಯದಿಂದ: ಈಕೆ ಬರುತ್ತಿದ್ದಾಳೆ, ಕರ್ತನಲ್ಲಿ ಸೇರಿಸಿಕೊಳ್ಳಿರಿ, ಅವಳಿಗೆ ಬೇಕಾದುದರಲ್ಲಿ ನೆರವಾಗಿರಿ ಎಂಬ ಕೋರಿಕೆ. ಒಂದು ಸಭೆ ತನ್ನವಳನ್ನು ಇನ್ನೊಂದು ಸಭೆಯ ಕೈಗೆ ಹೆಸರು ಹಿಡಿದು ಒಪ್ಪಿಸುತ್ತಿದೆ.

ಇಂದು ಬೀದರಿನಿಂದ, ರಾಯಚೂರಿನಿಂದ, ಗದಗದಿಂದ ಎಷ್ಟೋ ಹುಡುಗ ಹುಡುಗಿಯರು ಓದಿಗೋ ಕೆಲಸಕ್ಕೋ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಿನ ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಮಾಡಿ ಬಹುಮಾನ ಪಡೆದವರು, ಕ್ರಿಸ್‌ಮಸ್ ನಾಟಕದಲ್ಲಿ ಕುರುಬರಾಗಿ ನಿಂತವರು, ಪಿ.ಜಿ.ಯ ಕೋಣೆಯೊಂದರಲ್ಲಿ ಭಾನುವಾರವನ್ನು ನಿದ್ದೆಯಲ್ಲಿ ಕಳೆಯುತ್ತಾರೆ. ನಂಬಿಕೆ ಬಿಟ್ಟರೆಂದಲ್ಲ, ಆ ದೊಡ್ಡ ಊರಿನಲ್ಲಿ ಅವರು ಬಂದದ್ದು ಯಾರಿಗೂ ತಿಳಿಯಲಿಲ್ಲ, ಅಷ್ಟೆ. ಊರಿನ ಸಭೆಯ ರಿಜಿಸ್ಟರಿನಲ್ಲಿ ಅವರ ಹೆಸರು ಇನ್ನೂ ಇದೆ, ವಂತಿಗೆಯನ್ನು ಅಪ್ಪ ಕಟ್ಟುತ್ತಿದ್ದಾನೆ, ಆದ್ದರಿಂದ ಲೆಕ್ಕದಲ್ಲಿ ಯಾರೂ ಕಡಿಮೆಯಾಗಿಲ್ಲ.

ಸಭಾಪಾಲಕರಲ್ಲೂ ಪಾಸ್ಟರೇಟ್ ಕಮಿಟಿಯ ಹಿರಿಯರಲ್ಲೂ ಒಂದು ವಿನಂತಿ. ಈ ವರ್ಷ ನಿಮ್ಮ ಊರು ಬಿಟ್ಟು ಹೋಗುವ ಪ್ರತಿಯೊಬ್ಬ ಮಗನಿಗೂ ಮಗಳಿಗೂ, ಅವರು ಹೋಗುವ ಊರಿನ ಒಂದು ಸಭೆಯ, ಅಲ್ಲಿನ ಒಂದು ಮನೆಯ ವಿಳಾಸ ಬರೆದುಕೊಡಿ; ಅವರು ಬಸ್ಸು ಹತ್ತುವ ಮುಂಚೆಯೇ ಆ ಮನೆಗೆ ನೀವೇ ಫೋನ್ ಮಾಡಿ, ಅವರ ಹೆಸರು ಹೇಳಿ.