ಸಮುದ್ರಕ್ಕೆ ಪಟ್ಟಾ ಇಲ್ಲ

ಉಡುಪಿಯ ಕೃಷ್ಣ ಹಡಗಿನಲ್ಲಿ ಬಂದವನು. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ಪಾರು ಮಾಡಿದರು. ಏನು ಬೇಕಾದರೂ ಕೇಳಿ ಎಂದ ನಾವಿಕನಿಂದ ಅವರು ಪಡೆದದ್ದು ಗೋಪಿಚಂದನದ ಒಂದು ಹೆಂಟೆ. ಅದರೊಳಗೆ ಕಡೆಗೋಲು ಹಿಡಿದ ಬಾಲಕೃಷ್ಣನಿದ್ದ. ನಮ್ಮೂರಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳುವ ಕಥೆ ಇದು. ಅದೇ ಊರಿನಲ್ಲಿ, ಅದೇ ಕೃಷ್ಣನ ಪೂಜೆಗೆ ಕಡಲು ದಾಟಿಬಂದ ಯತಿ ಅರ್ಹರೋ ಅಲ್ಲವೋ ಎಂದು, ಪೂಜೆಯ ಸರದಿ ಮಠದಿಂದ ಮಠಕ್ಕೆ ಹೋಗುವ 2008ರ ಪರ್ಯಾಯದ ಹೊತ್ತಿಗೆ, ದೊಡ್ಡ ವಾದ ನಡೆಯಿತು. ಬೇಡ ಎಂದವರಿಗೆ ಶಾಸ್ತ್ರದ ಬಲವಿತ್ತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿಸುವ ಪಾಪಗಳ ಸಾಲಿನಲ್ಲಿ ಇಟ್ಟಿದೆ. ದೇವರು ದಾಟಿ ಬಂದ ನೀರನ್ನು ಅವನ ಅರ್ಚಕ ದಾಟಬಾರದು ಎಂಬುದು ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ. ಆದರೆ ಆ ಪ್ರಶ್ನೆಯ ಪೂರ್ತಿ ಭಾರ ತಿಳಿದದ್ದು ಟ್ರಿನಿಡಾಡಿಗೆ ಹೋದ ಮೇಲೆ.

ನನ್ನ ಮಗ ಅಲ್ಲಿ ಪಾಯಿಂಟ್ ಲೀಸಾಸ್‌ನ ಅಮೋನಿಯ ಕಾರ್ಖಾನೆಯಲ್ಲಿ ಇಂಜಿನಿಯರು. ಮಳೆಗಾಲ ಶುರುವಾಗುವ ಮೊದಲು ಬಾ ಅಮ್ಮ, ಏಪ್ರಿಲ್‌ನಲ್ಲಿ ದ್ವೀಪ ಚೆನ್ನಾಗಿರುತ್ತದೆ ಎಂದು ಕರೆಸಿಕೊಂಡ. ನೋಡುವುದಕ್ಕೆ ನಿಜವಾಗಿಯೂ ಬೇಕಾದಷ್ಟಿದೆ. ಉತ್ತರದ ಮರಾಕಸ್ ಕಡಲತೀರದಲ್ಲಿ ಹಸಿರು ಬೆಟ್ಟ ನೇರವಾಗಿ ಮರಳಿಗೆ ಇಳಿಯುತ್ತದೆ. ಕಾರೋನಿ ಹಿನ್ನೀರಿನಲ್ಲಿ ಸಂಜೆ ದೋಣಿಯಲ್ಲಿ ಕುಳಿತರೆ ಕಾಂಡ್ಲಾ ಗಿಡಗಳ ಮೇಲೆ ಕೆಂಪು ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದಿಳಿಯುತ್ತವೆ. ತಿನ್ನುವ ಏಡಿ, ಸಿಗಡಿಗಳಿಂದಲೇ ಅವಕ್ಕೆ ಆ ಕೆಂಪು. ಲಾ ಬ್ರೇಯಾದಲ್ಲಿ ಸುಮಾರು 100 ಎಕರೆಯ ಡಾಂಬರಿನ ಕೆರೆ ಇದೆ, ಅದರ ಮೇಲೆ ನಡೆದಾಡಬಹುದು. ಬೆಳಿಗ್ಗೆ ಬೀದಿಬದಿಯಲ್ಲಿ ಅರಿಶಿನ ಹಾಕಿ ಕರಿದ, ಬಾರಾ ಎನ್ನುವ ಎರಡು ಮೆತ್ತನೆಯ ರೊಟ್ಟಿ, ಅದರ ಮೇಲೆ ಕಾಬೂಲಿ ಕಡಲೆಯ ಗೊಜ್ಜು ಹಾಕಿ ಕೊಡುತ್ತಾರೆ. ಅದರ ಹೆಸರು ಡಬಲ್ಸ್. ಈರುಳ್ಳಿ ಬೆಳ್ಳುಳ್ಳಿ ತಿನ್ನುವವರು ತಪ್ಪದೆ ತಿನ್ನಬೇಕು. ಇದಿಷ್ಟನ್ನು ಪ್ರವಾಸದ ಯಾವ ಪುಸ್ತಕವಾದರೂ ಹೇಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಗಳ ಅಂಗಳ. ಮಗನಿರುವ ಕೂವಾ ಊರಿನ ರಸ್ತೆಗಳಲ್ಲಿ ಎಷ್ಟೋ ಮನೆಗಳ ಮುಂದೆ ಬಿದಿರಿನ ಗಳುಗಳು, ಅವಕ್ಕೆ ಕಟ್ಟಿದ ಬಣ್ಣಬಣ್ಣದ ಬಾವುಟಗಳು. ಕೆಂಪು ಬಾವುಟ ಹನುಮಂತನದು. ಪೂಜೆ ಮಾಡಿಸಿದಾಗಲೆಲ್ಲ ಒಂದು ನೆಡುತ್ತಾರೆ. ಬಿಸಿಲಿಗೆ ಬಣ್ಣ ಹೋಗಿ ಬಟ್ಟೆ ಚಿಂದಿಯಾದರೂ ಹಳೆಯದನ್ನು ಕಿತ್ತೆಸೆಯುವುದಿಲ್ಲ. ಇಲ್ಲಿ ದೇವರಿದ್ದಾನೆ ಎಂದು ರಸ್ತೆಗೆ ಕಾಣುವಂತೆ ಹೇಳಿಕೊಳ್ಳುವ ಈ ಹಟ ಎಲ್ಲಿಂದ ಬಂತೆಂದು ತಿಳಿಯಲು ಅವರ ಚರಿತ್ರೆಗೆ ಹೋಗಬೇಕು.

1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗು ಕಲ್ಕತ್ತೆಯಿಂದ 225 ಜನರನ್ನು ತಂದು ಟ್ರಿನಿಡಾಡಿನಲ್ಲಿ ಇಳಿಸಿತು. ಆಫ್ರಿಕದವರ ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು, ಕಬ್ಬಿನ ತೋಟಗಳಿಗೆ ಕೈಗಳು ಬೇಕಿದ್ದವು. ಕರಾರು ಕೂಲಿಯ ಪದ್ಧತಿ ನಿಲ್ಲುವ 1917ರ ತನಕ ಸುಮಾರು 1,44,000 ಜನ ಹೀಗೆ ಬಂದರು. ಹೆಚ್ಚಿನವರು ಬಿಹಾರ, ಪೂರ್ವ ಉತ್ತರಪ್ರದೇಶದ ಭೋಜಪುರಿ ಸೀಮೆಯವರು. ಮದರಾಸಿನ ಕಡೆಯವರೂ ಇದ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ಒಂದೇ ಕಡಾಯಿಯ ಅನ್ನ. ಯಾರು ಬಡಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂದು ನೋಡುತ್ತ ಕೂತರೆ ಉಪವಾಸ. ಇಳಿಯುವ ಹೊತ್ತಿಗೆ ಅವರು ಒಬ್ಬರನ್ನೊಬ್ಬರು ‘ಜಹಾಜಿ ಭಾಯಿ’, ಹಡಗಿನ ಅಣ್ಣತಮ್ಮ, ಎನ್ನುತ್ತಿದ್ದರು. ಬೌಧಾಯನನ ಲೆಕ್ಕದಲ್ಲಿ ಅವರೆಲ್ಲ ಪತಿತರಾದದ್ದು ನಿಜ. ಊರಿಗೆ ಮರಳಿದ ಕೆಲವರನ್ನು ಸ್ವಂತ ಹಳ್ಳಿಗಳೇ ಒಳಗೆ ಸೇರಿಸಲಿಲ್ಲ.

ಇಳಿದ ನೆಲವೂ ಅವರನ್ನು ಒಪ್ಪಲಿಲ್ಲ. ಅಗ್ನಿಸಾಕ್ಷಿಯಾಗಿ ಆದ ಮದುವೆಗೆ ಅಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ್ದು 1946ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳು ಸರಕಾರದ ದಾಖಲೆಯಲ್ಲಿ ಮದುವೆಯಿಲ್ಲದೆ ಹುಟ್ಟಿದವರು. ಹೆಣವನ್ನು ಸುಡುವ ಹಕ್ಕಿಗಾಗಿ 1950ರ ದಶಕದವರೆಗೆ ಕಾಯಬೇಕಾಯಿತು. ಎರಡು ಧರ್ಮಶಾಸ್ತ್ರಗಳ ನಡುವೆ ಸಿಕ್ಕಿಬಿದ್ದ ಜನ ಇವರು ಎಂದು ನನಗೆ ಅನ್ನಿಸುತ್ತದೆ: ಬಿಟ್ಟುಬಂದ ಊರಿನದು ಒಂದು, ಬಂದು ಸೇರಿದ ಊರಿನದು ಇನ್ನೊಂದು, ಎರಡರಲ್ಲೂ ಇವರು ಅನಧಿಕೃತರು.

ಇಂಥ ಮನೆಯೊಂದರಿಂದ ಬಂದವರು ಶಿವದಾಸ್ ಸಾಧು. ಭಾರತದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ತಂದೆತಾಯಿಯ ಜೊತೆ ಹಡಗು ಹತ್ತಿದವರು, ಕಬ್ಬಿನ ಗದ್ದೆಯ ಆಳು. ಪಶ್ಚಿಮ ದಡದ ವಾಟರ್ಲೂ ಎಂಬಲ್ಲಿ, ಪಾರಿಯಾ ಕೊಲ್ಲಿಯ ಅಂಚಿನಲ್ಲಿ, 1947ರಲ್ಲಿ ಅವರೊಂದು ಸಣ್ಣ ಗುಡಿ ಕಟ್ಟಿದರು. ನೆಲ ಸಕ್ಕರೆ ಕಂಪನಿಯದು. ಕೆಲವು ವರ್ಷಗಳ ಮೇಲೆ ಕೆಡವು ಎಂದು ಆಜ್ಞೆ ಬಂತು. ಅವರು ಒಪ್ಪಲಿಲ್ಲ. ಹದಿನಾಲ್ಕು ದಿನ ಜೈಲು, ಮೇಲೆ ದಂಡ. ಗುಡಿಯನ್ನು ನೆಲಸಮ ಮಾಡಲಾಯಿತು. ಹೊರಗೆ ಬಂದ ಸಾಧು ಭೂಮಿಯ ಮೇಲೆ ಜಾಗ ಕೇಳುವುದನ್ನೇ ಬಿಟ್ಟರು. ಭೂಮಿಗೆ ಒಡೆಯರಿದ್ದಾರೆ, ಸಮುದ್ರಕ್ಕೆ ಯಾರ ಪಟ್ಟಾ ಇದೆ? ಕೊಲ್ಲಿಯೊಳಗೆ ಗುಡಿ ಕಟ್ಟುತ್ತೇನೆ ಎಂದು ಹೊರಟರು. ಸೈಕಲ್ಲಿಗೆ ಬಕೆಟ್ ಕಟ್ಟಿಕೊಂಡು ಕಲ್ಲು, ಮರಳು, ಸಿಮೆಂಟು ಹೊತ್ತರು. ನೀರು ಇಳಿದಾಗ ಕೆಸರಿನಲ್ಲಿ ಕಬ್ಬಿಣದ ಪೀಪಾಯಿ ನಿಲ್ಲಿಸಿ ಕಾಂಕ್ರೀಟು ತುಂಬಿದರು. ದಡದಿಂದ ಸುಮಾರು 500 ಅಡಿ ದೂರಕ್ಕೆ, ಗದ್ದೆ ಕೆಲಸದ ಆಚೆಗೆ ಉಳಿದ ಹೊತ್ತಿನಲ್ಲಿ, ಬಹುಪಾಲು ಒಬ್ಬರೇ. ನೋಡಿದವರು ಹುಚ್ಚನೆಂದರು. 1970ರ ಸುಮಾರಿಗೆ ತೀರಿಕೊಳ್ಳುವವರೆಗೂ ಅವರು ಹೊರುತ್ತಲೇ ಇದ್ದರು, ಅಲೆ ಅವರ ಹಿಂದೆಯೇ ಕೊರೆಯುತ್ತಿತ್ತು. ಇಂದು ನಾವು ಕಾಣುವ ಎಂಟು ಮೂಲೆಯ ಬಿಳಿ ಗುಡಿ, ಅಲ್ಲಿಗೆ ನಡೆದುಹೋಗುವ ಗಟ್ಟಿ ದಾರಿ, ಭಾರತೀಯರು ಬಂದ 150ನೇ ವರ್ಷದ ನೆನಪಿಗೆ 1995ರಲ್ಲಿ ಜನ ಮತ್ತು ಸರಕಾರ ಸೇರಿ ಮತ್ತೆ ಎಬ್ಬಿಸಿದವು.

ಅಲ್ಲಿಗೆ ಹೋಗುವವರು ಚಿತ್ರಗಳಲ್ಲಿರುವ ನೀಲಿ ಕೆರಿಬಿಯನ್ ಕಡಲನ್ನು ನಿರೀಕ್ಷಿಸಬಾರದು. ಪಾರಿಯಾ ಕೊಲ್ಲಿಯ ನೀರು ಮಣ್ಣಿನ ಬಣ್ಣದ್ದು, ಆಳವಿಲ್ಲದ್ದು. ಇಳಿತದಲ್ಲಿ ಹೋದರೆ ಸುತ್ತ ಬರೀ ಕೆಸರು ಮತ್ತು ಕಡಲ ಹಕ್ಕಿಗಳು. ಭರತದಲ್ಲಿ ಮಾತ್ರ ಗುಡಿ ನೀರಿನ ಮೇಲೆ ನಿಲ್ಲುತ್ತದೆ. ನನ್ನ ಸೊಸೆ ಭರತದ ವೇಳೆ ನೋಡಿಕೊಂಡು ಕರೆದೊಯ್ಯಬೇಕೆಂದಿದ್ದಳು. ನಾನು ಇಳಿತದಲ್ಲೂ ಒಮ್ಮೆ ಹೋಗೋಣ ಎಂದೆ, ಹೋದೆವು. ಆ ಮನುಷ್ಯ ಏನು ಮಾಡಿದ ಎಂಬುದು ಕೆಸರು ಕಂಡಾಗಲೇ ಗೊತ್ತಾಗುತ್ತದೆ. ಅದರಲ್ಲಿ ಬರಿಗಾಲಿನವನೇ ಹೂತುಹೋಗುತ್ತಾನೆ, ಪೀಪಾಯಿ ಹೊತ್ತವನ ಗತಿ ಏನು? ಪಕ್ಕದ ದಡದಲ್ಲಿ ಸುಡುಗಾಡು. ಗುಡಿಯಲ್ಲಿ ನಡೆಯುವ ಮದುವೆಗೂ ಚಿತೆಗೂ ಒಂದೇ ದಡ.

ಕನ್ನಡದವರಾದ ನಮಗೆ ಇಲ್ಲಿ ಬಸವಣ್ಣನವರು ನೆನಪಾಗದೆ ಇರುವುದಿಲ್ಲ. ಹಣವಂತರು ಕಲ್ಲಿನ ದೇಗುಲ ಕಟ್ಟಿಸಲಿ, ಬಡವನಿಗೆ ದೇಹವೇ ದೇಗುಲ. ಕಟ್ಟಿದ್ದು ಬೀಳುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಅವರ ವಿಚಾರವನ್ನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಮಾಧ್ವರ ಮನೆಯ ಹೆಣ್ಣಾದರೂ ಅದನ್ನು ಹೃದಯ ಕೊಟ್ಟು ಕಲಿಸಿದ್ದೇನೆ. ವಾಟರ್ಲೂವಿನಲ್ಲಿ ಆ ಮಾತನ್ನು ಸಾಧುವಿಗೆ ಹಚ್ಚುವುದು ಬಹಳ ಸುಲಭ: ಅವರು ಕಟ್ಟಿದ್ದು ಕರಗಿತು, ಅವರ ಹೊರುವಿಕೆ ಉಳಿಯಿತು. ಆದರೆ ಹಾಗೆ ಹೇಳಿ ಮುಗಿಸಿದರೆ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಸೂರು, ಗಂಟೆ, ದೀಪ ಇಡಲು ಒಂದು ಗೂಡು. ದೇಹವೇ ದೇಗುಲ ಎಂದು ಹೇಳಬೇಕಾದರೆ ಮೊದಲು ದೇಹ ತನ್ನದಾಗಿರಬೇಕು. ಕರಾರಿನ ಕೂಲಿಯ ದೇಹ ಐದು ವರ್ಷ ತೋಟದ ಒಡೆಯನದು. ಚೀಟಿಯಿಲ್ಲದೆ ತೋಟದಾಚೆ ಸಿಕ್ಕಿದರೆ ಜೈಲು. ಗುಡಿಗಳಿಂದ ತುಂಬಿದ ನಾಡಿನಲ್ಲಿ ನಿಂತು ಗುಡಿ ಬೇಡ ಎನ್ನುವುದು ದೊಡ್ಡ ಬಂಡಾಯ. ಒಂದು ಗೇಣು ನೆಲವೂ ಇಲ್ಲದವನು ಗುಡಿ ಬೇಕು ಎನ್ನುವುದೂ ಅಷ್ಟೇ ದೊಡ್ಡ ಬಂಡಾಯ. ಬಸವಣ್ಣನವರು ಯಾರ ಪರವಾಗಿ ಮಾತಾಡಿದರೋ ಆ ಬಡವನೇ ಇಲ್ಲಿ ಕಟ್ಟುವವನಾಗಿದ್ದಾನೆ. ಅವರು ಇವನನ್ನು ತಡೆಯುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮ ಆಚಾರ್ಯರ ಸಿದ್ಧಾಂತ ಇನ್ನೊಂದು ಬಾಗಿಲು ತೆರೆಯುತ್ತದೆ. ಪ್ರತಿಮೆಯೇ ದೇವರೆಂದು ತಿಳಿಯಬೇಡ, ಪ್ರತಿಮೆಯಲ್ಲಿ ದೇವರಿದ್ದಾನೆಂದು ತಿಳಿ ಎನ್ನುತ್ತಾರೆ ಮಧ್ವರು. ಸನ್ನಿಧಾನ ಎನ್ನುವುದು ಕಲ್ಲಿನ ಗುಣವಲ್ಲ. ಆವಾಹನೆಗೆ ಒಲಿದು ಅವನು ಅಲ್ಲಿ ನಿಲ್ಲುತ್ತಾನೆ, ಪೂಜೆಯ ನಿಷ್ಠೆಯಿಂದ ಆ ಸನ್ನಿಧಿ ಬೆಳೆಯುತ್ತದೆ. ಇದನ್ನು ಒಪ್ಪಿದ ಮೇಲೆ, ಅವನ ಸನ್ನಿಧಿಗೆ ಭರತಖಂಡದ ಗಡಿಯೇ ಗಡಿ ಎಂದು ಹೇಳಲು ನಮಗೆ ಆಧಾರವೇನು? ಎಲ್ಲೆಲ್ಲೂ ಇರುವವನು ಅಟ್ಲಾಂಟಿಕ್ಕಿನ ಈಚೆಗೇ ನಿಂತುಬಿಡುತ್ತಾನೆಯೇ? ಸಮುದ್ರ ದಾಟಬಾರದೆಂಬ ವಿಧಿಗೆ ಒಂದು ಕಾಲದಲ್ಲಿ ಅರ್ಥವಿದ್ದೀತು. ಹಡಗಿನಲ್ಲಿ ಸ್ನಾನ, ಸಂಧ್ಯೆ, ಮಡಿ ಸಾಧ್ಯವಾಗದು ಎಂಬ ಅಂಜಿಕೆ. ಆದರೆ ಆ ಅಂಜಿಕೆ ದೇವರ ಬಗ್ಗೆ ಅಲ್ಲ, ನಮ್ಮ ಆಚಾರದ ಬಗ್ಗೆ. ಎರಡನ್ನೂ ಒಂದೇ ಎಂದುಕೊಂಡದ್ದರ ಬೆಲೆಯನ್ನು ತೆತ್ತವರು ಮಡಿವಂತರಲ್ಲ, ಹಡಗಿನಿಂದ ಇಳಿದು ಊರಿನ ಬಾಗಿಲಲ್ಲಿ ನಿಂತ ಬಡವರು.

ವಾಟರ್ಲೂವಿನಿಂದ ಕೆಲವೇ ಕಿಲೋಮೀಟರ್ ದೂರದ ಕಾರಾಪಿಚೈಮದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಪಕ್ಕದ ದತ್ತಾತ್ರೇಯ ದೇವಸ್ಥಾನ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದ್ದು, 2003ರಲ್ಲಿ ಪ್ರತಿಷ್ಠೆಯಾಯಿತು. ಭಾರತದಿಂದ ಶಿಲ್ಪಿಗಳು ಬಂದು ದ್ರಾವಿಡ ಶೈಲಿಯಲ್ಲಿ ಕಟ್ಟಿದರು. ಮೈಸೂರಿನ ನಂಟು ಕಂಡು ಸಂತೋಷಪಟ್ಟೆ, ಪ್ರದಕ್ಷಿಣೆ ಬಂದೆ. ಆದರೂ ನನಗೆ ಮತ್ತೆ ಮತ್ತೆ ಹೋಗಬೇಕೆನಿಸಿದ್ದು ಕೆಸರಿನ ಗುಡಿಗೆ.

ಅಲ್ಲಿ ಒಮ್ಮೆ ನನ್ನ ವಯಸ್ಸಿನವರೇ ಒಬ್ಬರು ಮಂಗಳಾರತಿ ಮುಗಿಸಿ ನನ್ನ ಸೀರೆ ನೋಡಿ ಹತ್ತಿರ ಬಂದರು. “ನೀವು ಇಂಡಿಯಾದವರು. ನಾವು ಮಾಡುವುದು ಸರಿಯಾಗಿದೆಯಾ? ಅಲ್ಲಿ ಹೀಗೇ ಮಾಡುತ್ತಾರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ಆರತಿಯ ಹಾಡು ಹಿಂದಿಯದು. ಅದರ ಒಂದೊಂದು ಪದದ ಅರ್ಥ ಅವರಿಗೆ ಗೊತ್ತಿರಲಿಲ್ಲ, ಆದರೆ ಒಂದು ಸ್ವರವೂ ತಪ್ಪಿರಲಿಲ್ಲ. ನನಗೆ ಗಂಟಲು ಕಟ್ಟಿತು. ಹುಟ್ಟಿದ ಮನೆಯಲ್ಲೇ ದೇವರ ಕೋಣೆ, ಬೀದಿಯ ಕೊನೆಗೆ ರಥಬೀದಿ. ನನ್ನ ಭಕ್ತಿಗೆ ನಾನು ಯಾವ ಬೆಲೆಯನ್ನೂ ಕೊಟ್ಟವಳಲ್ಲ. ಜೈಲು ಕಂಡ ಪೂಜೆಗೆ ನಾನು ಅಂಕ ಹಾಕುವುದೇ? “ತೀರ್ಥ ಕೊಡಿ, ತಾಯಿ” ಎಂದು ಕೈಯೊಡ್ಡಿದೆ. ನಮ್ಮ ಮನೆಯ ಹಿರಿಯರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಅವರ ಮೇಲೆ ನನಗೆ ಗೌರವವಿದೆ. ಈ ವಿಷಯದಲ್ಲಿ ಅವರು ತಪ್ಪು.

ಇಷ್ಟರವರೆಗೆ ನನಗೆ ಗೊಂದಲವಿರಲಿಲ್ಲ. ಗೊಂದಲ ಹುಟ್ಟಿದ್ದು ದಕ್ಷಿಣದ ಸಿಪಾರಿಯಾದಲ್ಲಿ. ಅಲ್ಲಿನ ಕ್ಯಾಥೊಲಿಕ್ ಚರ್ಚಿನಲ್ಲಿ ಕಪ್ಪು ಮೈಬಣ್ಣದ ಮೇರಿಯಮ್ಮನ ಮೂರ್ತಿಯಿದೆ. ಕ್ಯಾಥೊಲಿಕರಿಗೆ ಅವಳು ಲಾ ದಿವೀನಾ ಪಾಸ್ತೊರಾ. ಹಿಂದೂಗಳು ಅವಳನ್ನು ಸಿಪಾರಿ ಮಾಯಿ ಎನ್ನುತ್ತಾರೆ, ಹಲವರು ಕಾಳಿಯೆಂದೇ ಪೂಜಿಸುತ್ತಾರೆ. ಗುಡ್ ಫ್ರೈಡೆಯ ಹಿಂದಿನ ದಿನದಿಂದ ಸಾವಿರಾರು ಜನ ಎಣ್ಣೆ, ಹೂವು, ಮೇಣದ ಬತ್ತಿ ಹಿಡಿದು ಬರುತ್ತಾರೆ. ಮಕ್ಕಳ ಚೌಲ ಅಲ್ಲಿ ನಡೆಯುತ್ತದೆ. ಎಳೆಯ ತಾಯಿಯೊಬ್ಬಳು ಕೂಸನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು, ಕ್ಷೌರದವನು ಮೊದಲ ಕೂದಲು ತೆಗೆಯುತ್ತಿದ್ದ, ಅವಳು ತನ್ನ ಸೆರಗಿನಲ್ಲೇ ಅದನ್ನು ಹಿಡಿಯುತ್ತಿದ್ದಳು.

ಎಲ್ಲ ದೇವರೂ ಒಂದೇ ಎಂದು ಹೇಳಿ ನಾನು ಹೊರಟುಬರಬಹುದಿತ್ತು. ಆದರೆ ಹಾಗೆ ನಾನು ನಂಬುವುದಿಲ್ಲ. ಭೇದ ಸತ್ಯ ಎಂಬುದೇ ನಮ್ಮ ಮತದ ಬುಡ. ಮೇರಿಯಮ್ಮ ಮೇರಿಯಮ್ಮನೇ, ಕಾಳಿ ಕಾಳಿಯೇ; ಕ್ಯಾಥೊಲಿಕ್ ಭಕ್ತರೂ ಅದನ್ನೇ ಹೇಳುವರು, ಅವರ ಮಾತಿಗೂ ಮರ್ಯಾದೆ ಬೇಕು. ಹಾಗಾದರೆ ಆ ಕೂದಲಿನ ಹರಕೆ ಯಾರಿಗೆ ಮುಟ್ಟಿತು? ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಉತ್ತರ ಕೊಟ್ಟಿದ್ದಾನೆ: ಶ್ರದ್ಧೆಯಿಂದ ಬೇರೆ ದೇವತೆಗಳನ್ನು ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ, ಆದರೆ ವಿಧಿ ತಪ್ಪಿ. ಶನಿವಾರ ನಮ್ಮ ಬೀದಿಯ ಹೆಂಗಸರಿಗೆ ನಾನು ಗೀತಾಪಾಠ ಹೇಳುತ್ತೇನೆ. ಈ ಶ್ಲೋಕ ಬಂದಾಗ ಮೊದಲೆಲ್ಲ ಪೂರ್ವಾರ್ಧದ ಔದಾರ್ಯವನ್ನು ಹೊಗಳಿ, ಕೊನೆಯ ಮಾತಿನಲ್ಲಿ ನಮ್ಮ ಸಿದ್ಧಾಂತವನ್ನು ಭದ್ರಪಡಿಸಿ, ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆ. ಈಗ ಆ ಕೊನೆಯ ಮಾತಿನಲ್ಲಿ ನಿಂತುಬಿಡುತ್ತೇನೆ. ಆ ಎಳೆಯ ತಾಯಿಯ ಮುತ್ತಜ್ಜಿಯ ಮದುವೆಯೂ ಸರಕಾರದ ಪುಸ್ತಕದಲ್ಲಿ ವಿಧಿ ತಪ್ಪಿದ ಮದುವೆ. ಅದನ್ನು ಬರೆದಿಟ್ಟ ಗುಮಾಸ್ತನ ಅಧಿಕಾರವನ್ನು ನಾನು ಒಪ್ಪುವುದಿಲ್ಲ. ಕೃಷ್ಣನ ಅಧಿಕಾರವನ್ನು ಒಪ್ಪುತ್ತೇನೆ. ಅವನ ಹೆಸರಿನಲ್ಲಿ ಯಾವುದು ವಿಧಿ ಎಂದು ಹೇಳುವ ಅಧಿಕಾರ ನಿಮಗಿದೆಯೇ ಎಂದು ಪಾಠಕ್ಕೆ ಬರುವ ಹೆಂಗಸೊಬ್ಬರು ನನ್ನನ್ನು ಕೇಳಿದರು. ಮುಂದಿನ ಶನಿವಾರವೂ ಅದೇ ಶ್ಲೋಕವನ್ನು ಇಟ್ಟುಕೊಳ್ಳೋಣ ಎಂದಿದ್ದೇನೆ.