ನಿರೀಕ್ಷೆ, ಪ್ರಾರ್ಥನೆ, ಆಪ್ತಸಮಾಲೋಚನೆ

ನಿರೀಕ್ಷೆ ಎಂಬ ಶಬ್ದ ಉಳಿದ ಕನ್ನಡಿಗರಿಗೆ ಬಸ್ಸಿಗಾಗಿ ಕಾಯುವ, ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವ ಸಾಮಾನ್ಯ ಶಬ್ದ. ಕನ್ನಡ ಕ್ರೈಸ್ತರಿಗೆ ಅದು ನಂಬಿಕೆ ಮತ್ತು ಪ್ರೀತಿಯ ಪಕ್ಕದಲ್ಲಿ ನಿಲ್ಲುವ ಮಹಾಗುಣ. ಬೈಬಲನ್ನು ಕನ್ನಡಿಸಿದವರು ಆಸೆ ಎನ್ನಬಹುದಿತ್ತು, ಭರವಸೆ ಎನ್ನಬಹುದಿತ್ತು. ಈ ಶಬ್ದವನ್ನೇ ಆರಿಸಿಕೊಂಡರು. ಈಕ್ಷಿಸುವುದೆಂದರೆ ನೋಡುವುದು. ಇನ್ನೂ ಕಾಣದಿರುವುದರ ಕಡೆಗೆ ಮುಖಮಾಡಿ ಕುಳಿತವನ ಭಂಗಿ ಆ ಶಬ್ದದೊಳಗಿದೆ. ಆದರೆ ಕತ್ತೆತ್ತಿ ನೋಡುವ ಶಕ್ತಿಯೇ ಉಡುಗಿಹೋದ ಮನುಷ್ಯನಿಗೆ ನಿರೀಕ್ಷೆಯಿಂದಿರು ಎಂದು ಹೇಳುವುದು ಉಪದೇಶವೋ, ಹಿಂಸೆಯೋ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಹಿರಿಯರೊಬ್ಬರು ಪತ್ನಿಯನ್ನು ಕಳೆದುಕೊಂಡರು. ನನ್ನಂತೆಯೇ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಭಾನುವಾರದ ಆರಾಧನೆಯಲ್ಲಿ ಅವರು ವೇದಪಾಠ ಓದಿದರೆ ಹಿಂದಿನ ಬೆಂಚಿನ ಮಕ್ಕಳೂ ಸುಮ್ಮನಾಗುತ್ತಿದ್ದರು. ಆ ಮನುಷ್ಯ ಮೂರು ತಿಂಗಳಲ್ಲಿ ಅರ್ಧವಾದರು. ನಿದ್ದೆಯಿಲ್ಲ, ಊಟ ಸೇರದು, ಸ್ನಾನಕ್ಕೂ ಮಗಳು ಕರೆದು ಏಳಿಸಬೇಕು. ಒಂದು ಸಂಜೆ ನಾನು ಅವರ ಮನೆಗೆ ಹೋಗಿ, "ಮೇಷ್ಟ್ರೇ, ಊರಿಗೆಲ್ಲ ಧೈರ್ಯ ಹೇಳಿದವರು ನೀವು. ನೀವೇ ಹೀಗಾದರೆ ಹೇಗೆ? ಪ್ರಾರ್ಥನೆ ಬಿಡಬೇಡಿ, ಎಲ್ಲ ಸರಿಹೋಗುತ್ತೆ" ಎಂದೆ. ಅವರು ತಲೆಯಾಡಿಸಿದರು. ಕಾಫಿ ಕುಡಿದು ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವೂ ಇತ್ತು.

ಚೇತರಿಸಿಕೊಂಡ ಬಹುಕಾಲದ ಮೇಲೆ ಅವರೊಮ್ಮೆ ಹೇಳಿದರು: "ನೀವು ಹಾಗಂದ ರಾತ್ರಿಯೇ ನನಗೆ ಬದುಕು ಸಾಕೆನ್ನಿಸಿದ್ದು ಮೇಷ್ಟ್ರೇ. ಅಲ್ಲಿಯತನಕ ದುಃಖ ಒಂದೇ ಇತ್ತು. ಆಮೇಲೆ, ನನ್ನ ವಿಶ್ವಾಸವೇ ಸುಳ್ಳು ಅನ್ನೋದೂ ಸೇರಿಕೊಂಡಿತು." ದೂರುವ ದನಿಯಲ್ಲಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನ ತಪ್ಪು ಎಲ್ಲಿತ್ತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಪ್ರಾರ್ಥನೆ ಮಾಡಿ ಎಂದುದು ತಪ್ಪಲ್ಲ. ಪ್ರಾರ್ಥನೆಯಲ್ಲಿ ನನಗೆ ಇಂದಿಗೂ ನಂಬಿಕೆಯಿದೆ. ಅವರ ಸ್ಥಿತಿಯನ್ನು ನಾನು ನಂಬಿಕೆಯ ಕೊರತೆಯೆಂದು ತಿಳಿದದ್ದು ತಪ್ಪು. ಕ್ರೈಸ್ತ ಚಿಂತನೆಯಲ್ಲಿ ಈ ಗೊಂದಲಕ್ಕೆ ಹಳೆಯ ಬೇರುಗಳಿವೆ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಹತಾಶೆಯನ್ನು ನಿರೀಕ್ಷೆಗೆ ವಿರುದ್ಧವಾದ ಪಾಪವೆಂದೇ ವಿವೇಚಿಸಿದ. ಆದರೆ ಅವನು ಹೇಳಿದ್ದು ದೇವರ ಕರುಣೆಯಿಂದ ಮನುಷ್ಯ ಇಚ್ಛಾಪೂರ್ವಕವಾಗಿ ಮುಖ ತಿರುಗಿಸುವುದನ್ನು ಕುರಿತು. ಖಿನ್ನತೆ ಹಾಗಲ್ಲ, ಅದು ಇಚ್ಛೆಯನ್ನೇ ತಿಂದುಹಾಕುವ ಕಾಯಿಲೆ. ಕಾಲು ಮುರಿದವನನ್ನು ನಡೆಯಲಾರದ ಸೋಮಾರಿ ಎಂದು ನಾವು ಬೈಯುವುದಿಲ್ಲ. ಮನಸ್ಸು ಮುರಿದವನನ್ನು ಮಾತ್ರ ಬೈಯುತ್ತೇವೆ, ಅದೂ ಧರ್ಮದ ಭಾಷೆಯಲ್ಲಿ. ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಸಂಸ್ಕಾರವನ್ನೇ ನಿರಾಕರಿಸುತ್ತಿದ್ದ ಕಾಲವಿತ್ತು. ಕಥೋಲಿಕ ಸಭೆ 1983ರ ತನ್ನ ಕಾನೂನು ಸಂಹಿತೆಯಲ್ಲಿ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ, ತೀವ್ರವಾದ ಮನೋವೇದನೆ ಅಂಥವರ ಹೊಣೆಗಾರಿಕೆಯನ್ನು ತಗ್ಗಿಸುತ್ತದೆಂದು ಒಪ್ಪಿಕೊಂಡಿತು. ನಮ್ಮ ದೇಶದ ಕಾನೂನು ಇದೇ ತಿಳಿವಳಿಕೆಗೆ ಬರಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯವರೆಗೆ ಕಾಯಬೇಕಾಯಿತು.

ಹಾಗೆ ನೋಡಿದರೆ ಬೈಬಲು ನಮಗಿಂತ ಹೆಚ್ಚು ಕನಿಕರವುಳ್ಳದ್ದು. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಸಾಧಿಸಿದ ಕೆಲದಿನಗಳಲ್ಲೇ ಅವನು ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ತನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶಿಸುವುದಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತೋರಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಮಲಗಗೊಡುತ್ತಾನೆ ದೂತ. ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿ, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಳ್ಳುತ್ತಾನೆ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆಯೇ ದೇವರು ಬಾಯಿಬಿಡುವುದು, ಅದೂ ಒಂದು ಪ್ರಶ್ನೆಯಿಂದ: ಇಲ್ಲೇನು ಮಾಡುತ್ತಿದ್ದೀಯೆ? ಎಲೀಯ ತನ್ನ ಅಳಲನ್ನೆಲ್ಲ ಹೇಳಿಕೊಳ್ಳುತ್ತಾನೆ. ಅದೇ ಪ್ರಶ್ನೆ ಮತ್ತೊಮ್ಮೆ. ಅವನು ಅಕ್ಷರಶಃ ಅದೇ ಉತ್ತರವನ್ನು ಮತ್ತೊಮ್ಮೆ ಹೇಳುತ್ತಾನೆ. ಹೇಳಿದ್ದನ್ನೇ ಹೇಳಬೇಡ ಎಂದು ಯಾರೂ ತಡೆಯುವುದಿಲ್ಲ. ಕೊನೆಗೆ, ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಮಂದಿ ಉಳಿದಿದ್ದಾರೆ ಎಂಬ ಸುದ್ದಿ. ಜೊತೆಗೆ ಎಲೀಷನೆಂಬ ಸಂಗಾತಿ.

ಅನ್ನ, ನಿದ್ದೆ, ಕೇಳುವ ಕಿವಿ, ಕೊನೆಯಲ್ಲಿ ಜೊತೆ. ಆಪ್ತಸಮಾಲೋಚಕರು ಇಂದು ಹೇಳುವ ಕ್ರಮಕ್ಕೆ ಇದು ಬಹಳ ದೂರವಿಲ್ಲ. ನಾನು ಮಾಡಿದ್ದು ಈ ಕ್ರಮವನ್ನು ತಲೆಕೆಳಗು ಮಾಡಿ, ಕಾಫಿಯನ್ನೂ ನಾನೇ ಕುಡಿದು ಬಂದದ್ದು. ಯೋಬನ ಗೆಳೆಯರು ಕೂಡ ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟರು.

ಹಾಗಾದರೆ ವಿಶ್ವಾಸಕ್ಕೂ ಸಮಾಲೋಚನೆಗೂ ವ್ಯತ್ಯಾಸವೇ ಇಲ್ಲವೆ? ಇದೆ, ಅದನ್ನು ಮಸುಕುಗೊಳಿಸಬಾರದು. 20ನೆಯ ಶತಮಾನದ ಸಮಾಲೋಚನಾ ಶಾಸ್ತ್ರಕ್ಕೆ ದಾರಿ ತೋರಿದ ಅಮೆರಿಕದ ಕಾರ್ಲ್ ರೋಜರ್ಸ್ ಮೊದಲು ಬೋಧಕನಾಗಲೆಂದು ದೈವಶಾಸ್ತ್ರದ ಕಾಲೇಜಿಗೆ ಸೇರಿದವನು. ನಿಶ್ಚಿತ ಸಿದ್ಧಾಂತವೊಂದಕ್ಕೆ ಕಟ್ಟುಬೀಳಲಾರದೆ ಅದನ್ನು ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದ. ನೊಂದು ಬಂದವನನ್ನು ಯಾವ ಷರತ್ತೂ ಇಲ್ಲದೆ ಆದರದಿಂದ ಸ್ವೀಕರಿಸಬೇಕು ಎಂಬುದು ಅವನ ಮುಖ್ಯ ತತ್ತ್ವ. ಕ್ರೈಸ್ತನ ಕಿವಿಗೆ ಇದು ಕೃಪೆಯೆಂಬ ಮಾತಿನ ಪ್ರತಿಧ್ವನಿಯಂತೆ ಕೇಳುತ್ತದೆ. ಆದರೂ ಎರಡೂ ಒಂದೇ ಅಲ್ಲ. ಸಮಾಲೋಚಕರು ಪಾಪವನ್ನು ಕ್ಷಮಿಸಲಾರರು. ಸತ್ತ ಹೆಂಡತಿಯನ್ನು ಮತ್ತೆ ಕಾಣುವೆನೆ ಎಂಬ ಪ್ರಶ್ನೆಗೆ ಉತ್ತರಿಸಲಾರರು, ಉತ್ತರಿಸಲೂ ಬಾರದು. ಬೋಧಕರು ಖಿನ್ನತೆಯ ಆಳವನ್ನು ಅಳೆಯಲಾರರು, ಔಷಧಿ ಬೇಕೋ ಬೇಡವೋ ತೀರ್ಮಾನಿಸಲಾರರು. ಮಾತ್ರೆ ಬಿಟ್ಟು ನಂಬು ಎನ್ನುವ ಪ್ರಾರ್ಥನಾಕೂಟಗಳನ್ನು ನಾನು ಕಂಡಿದ್ದೇನೆ. ಅವು ಮಾಡುವ ಕೇಡಿಗೆ ಭಕ್ತಿಯ ಹೆಸರಿಟ್ಟ ಮಾತ್ರಕ್ಕೆ ಕ್ಷಮೆಯಿಲ್ಲ. ದೇವರ ಹೆಸರೆತ್ತಿದೊಡನೆ ಅದನ್ನೂ ರೋಗಲಕ್ಷಣವೆಂದು ಬರೆದುಕೊಳ್ಳುವ ವೈದ್ಯರೂ ಇದ್ದಾರೆಂದು ಕೇಳಿದ್ದೇನೆ.

ಈ ಎರಡನ್ನೂ ಒಂದೇ ಬಾಳಿನಲ್ಲಿ ಹಿಡಿದುಕೊಂಡವರಲ್ಲಿ ನನ್ನ ಗೌರವ ಸ್ಟ್ಯಾನ್ಲಿ ಜೋನ್ಸ್ ಅವರಿಗೆ. 1907ರಲ್ಲಿ ಅಮೆರಿಕದಿಂದ ಲಕ್ನೋಗೆ ಬಂದ ಈ ಮೆಥೊಡಿಸ್ಟ್ ಮಿಷನರಿ ಮೊದಲ ದಶಕದೊಳಗೇ ನರಗಳು ಸೋತು ಹಲವು ಸಲ ಕುಸಿದುಬಿದ್ದರು. ವಿಶ್ರಾಂತಿಗೆಂದು ಸ್ವದೇಶಕ್ಕೆ ಹೋಗಿ ಮರಳಿದರು, ಮತ್ತೆ ಕುಸಿದರು. ಕೆಲಸವನ್ನೇ ಬಿಡಬೇಕಾದೀತೆಂಬ ಸ್ಥಿತಿಯಲ್ಲಿ, ಲಕ್ನೋದಲ್ಲಿ ಪ್ರಾರ್ಥಿಸುತ್ತಿದ್ದಾಗ, ತನ್ನ ಭಾರವನ್ನು ಮತ್ತೊಬ್ಬರು ಹೊತ್ತುಕೊಂಡಂತೆ ಅನುಭವವಾಗಿ ಅವರು ಚೇತರಿಸಿಕೊಂಡರು. ಅದನ್ನು 1925ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ತಾವೇ ಬರೆದಿದ್ದಾರೆ. ಇಷ್ಟೇ ಆಗಿದ್ದರೆ ಅದು ಅನೇಕ ಸಾಕ್ಷಿಗಳಲ್ಲಿ ಒಂದು. ವಿಶೇಷವೇನೆಂದರೆ, ಪ್ರಾರ್ಥನೆಯಿಂದಲೇ ಗುಣವಾದೆನೆಂದು ನಂಬಿದ್ದ ಈ ಮನುಷ್ಯ 1950ರಲ್ಲಿ ಅದೇ ಲಕ್ನೋ ನಗರದಲ್ಲಿ ನೂರ್ ಮಂಜಿಲ್ ಎಂಬ ಮನೋರೋಗ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಬೆಳಕಿನ ಮನೆ ಎಂದು ಅದರ ಅರ್ಥ. ನನಗೆ ಆದಂತೆ ನಿಮಗೂ ಆಗಲಿ, ಮೊಣಕಾಲೂರಿ ಎಂದು ಅವರು ಹೇಳಲಿಲ್ಲ, ವೈದ್ಯರನ್ನು ಕರೆತಂದರು. ತನಗೆ ದೊರೆತ ವರವನ್ನು ಇತರರ ಮೇಲೆ ನಿಯಮವಾಗಿ ಹೇರದಿರುವುದು ಅಪರೂಪದ ವಿನಯವೆಂದು ನನ್ನ ಭಾವನೆ. ಅದೇ ದಶಕದಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜೂ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಅಲ್ಲಿ ರೋಗಿಯ ಜೊತೆಯಲ್ಲಿ ಮನೆಯವರೂ ಉಳಿದು ಆರೈಕೆಯಲ್ಲಿ ಪಾಲುಗೊಳ್ಳುವ ಪದ್ಧತಿ ಬೆಳೆಯಿತು.

ಗಡಿಯ ಈಚೆ ಬಾಳುವ ನಮಗೆ ಇನ್ನೊಂದು ವಿಷಯವೂ ಮುಖ್ಯ. ನಮ್ಮ ಹಿರಿಯರನ್ನು ಮಗಳು ಮೊದಲು ಹತ್ತಿರದ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಸಜ್ಜನರು, ತೆಲುಗಿನಲ್ಲಿ ಕೇಳಿದರು. ನಮ್ಮವರಿಗೆ ತೆಲುಗು ಬಾರದೆಂದಲ್ಲ. ಹತ್ತಿ ಮಾರುಕಟ್ಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಐವತ್ತು ವರ್ಷ ಆಡಿದ ಭಾಷೆ. ಆದರೆ ಆ ದಿನ ನಿದ್ದೆ ಬರುವುದಿಲ್ಲ ಎಂಬುದನ್ನು ಬಿಟ್ಟು ಬೇರೇನೂ ಹೇಳಲಾಗಲಿಲ್ಲ. ಎದೆಯೊಳಗೆ ಕಲ್ಲು ಕುಂತಂಗೈತೆ, ಜೀವ ಯಾತಕ್ಕೂ ಒಲ್ಲೆ ಅಂತೈತೆ ಎಂಬ ಮಾತುಗಳು ಅವರಲ್ಲಿ ಕನ್ನಡದಲ್ಲಷ್ಟೇ ಇದ್ದವು. ಕೊನೆಗೆ ಮಗಳು ಬಳ್ಳಾರಿಯಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕಿಯೊಬ್ಬರನ್ನು ಹುಡುಕಿದಳು. ಮೊದಲ ಭೇಟಿಯಲ್ಲಿ ಅವರು ಮುಕ್ಕಾಲು ಗಂಟೆ ಅತ್ತರಂತೆ. ಆಕೆ ಗಡಿಯಾರ ನೋಡಲಿಲ್ಲವಂತೆ.

ಬಳ್ಳಾರಿ ಎಂದಾಗ ನನಗೆ ಎರಡು ಸಂಗತಿಗಳು ನೆನಪಾಗುತ್ತವೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮ ಅಜ್ಜ ಅಜ್ಜಿಯರು ಅತ್ತು ಹಾಡಿದ ಕೀರ್ತನೆಗಳ ಕನ್ನಡ ಅಲ್ಲಿ ಮೊದಲಾಯಿತು. ಸುಮಾರು ಒಂದೂವರೆ ಶತಮಾನದ ತರುವಾಯ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಹಳ್ಳಿಗೆ ಮಾನಸಿಕ ಚಿಕಿತ್ಸೆ ತಲುಪಿಸುವ ಪ್ರಯೋಗವನ್ನು ಅದೇ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಇಂದು ದೂರವಾಣಿಯಲ್ಲಿ 14416 ಒತ್ತಿದರೆ ಸರ್ಕಾರದ ಟೆಲಿಮಾನಸ್ ಸೇವೆ ದೊರೆಯುತ್ತದೆ; ಕನ್ನಡವನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ನಮ್ಮ ಸಂಘದ ಕಚೇರಿಯ ಗೋಡೆಯ ಮೇಲೆ ಕವಿಗಳ ಭಾವಚಿತ್ರಗಳ ಕೆಳಗೆ ಈ ಸಂಖ್ಯೆಯನ್ನು ಬರೆಸಬೇಕೆಂದು ಕೇಳಿಕೊಂಡಿದ್ದೇನೆ. ಕನ್ನಡ ಉಳಿಯಬೇಕೆಂದು ನಾವು ಭಾಷಣ ಮಾಡುತ್ತೇವೆ. ಕನ್ನಡದಲ್ಲಿ ನೋವು ಹೇಳಿಕೊಳ್ಳುವವರು ಉಳಿಯುವುದೂ ಆ ಕೆಲಸದ ಭಾಗವೇ.

ನಮ್ಮ ಹಿರಿಯರು ಸುಮಾರು ಒಂದು ವರ್ಷ ಬಳ್ಳಾರಿಗೆ ಹೋಗಿ ಬಂದರು. ಮಾತ್ರೆಯನ್ನೂ ತೆಗೆದುಕೊಂಡರು. ಯಾವುದರಿಂದ ಗುಣವಾಯಿತೆಂದು ನಾನು ಕೇಳಿದಾಗ ನಕ್ಕುಬಿಟ್ಟರು: "ಆಯಮ್ಮ ನನ್ನ ಮಾತು ಕೇಳಿದಳು. ಕೇಳಿಸಿಕೊಳ್ಳೋರು ಒಬ್ಬರು ಇದ್ದಾರೆ ಅಂತ ಗೊತ್ತಾದ ಮೇಲೆ, ಮೇಲಿರೋನೂ ಕೇಳ್ತಿರಬಹುದು ಅನ್ನಿಸ್ತು. ಆಮೇಲೆ ಪ್ರಾರ್ಥನೆ ತಾನಾಗೇ ಬಂತು." ಅವರಿಗೆ ಪ್ರಾರ್ಥನೆ ಚಿಕಿತ್ಸೆಯ ಹೆಸರಲ್ಲಿ ಬರಲಿಲ್ಲ, ಚೇತರಿಕೆಯ ಗುರುತಾಗಿ ಬಂದಿತು. ಜೋನ್ಸ್ ಅವರಿಗೆ ಪ್ರಾರ್ಥನೆ ಮೊದಲು, ವೈದ್ಯರು ಆಮೇಲೆ. ಇವರಿಗೆ ಹಿಂದುಮುಂದು. ಯಾವ ಕ್ರಮ ಸರಿಯೆಂದು ತೀರ್ಪು ಕೊಡುವ ಆಸೆ ನನಗೀಗ ಉಳಿದಿಲ್ಲ.

ಕಳೆದ ವರ್ಷ ಅವರು ಮತ್ತೆ ವೇದಪಾಠ ಓದಲು ಒಪ್ಪಿಕೊಂಡರು. ಸಭಾಪಾಲಕರು ಯಾವುದಾದರೂ ಕೀರ್ತನೆಯನ್ನು ನೀವೇ ಆರಿಸಿ ಎಂದಿದ್ದರು. ಅವರು 88ನೆಯದನ್ನು ಆರಿಸಿದರು. ಉಳಿದ ಅಳಲಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೋ ಸಮಾಧಾನಕ್ಕೋ ತಿರುಗುತ್ತವೆ. ಅದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಮೊದಲಿನಿಂದ ಕೊನೆಯವರೆಗೆ ದೇವರನ್ನೇ ಕುರಿತು ಆಡಿದ ಮಾತು. ಅವರು ನಿಧಾನವಾಗಿ ಓದಿದರು. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಏನನ್ನೂ ಸೇರಿಸದೆ, ತಮ್ಮ ಜಾಗಕ್ಕೆ ಬಂದು ಕುಳಿತರು. ನಾನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ.